ನಡುರಾತ್ರಿಯ ಮದ್ಯ ಮತ್ತು ಸರಕಾರದ ಹೊಣೆ

ಮದ್ಯದಂಗಡಿಯ ಬಾಗಿಲು ಎಷ್ಟು ಗಂಟೆಗೆ ಮುಚ್ಚಬೇಕೆಂಬುದು ಮೇಲ್ನೋಟಕ್ಕೆ ಅಬಕಾರಿ ಇಲಾಖೆಯ ಕಡತಕ್ಕೆ ಸೀಮಿತವಾದ ಸಣ್ಣ ವಿಷಯದಂತೆ ಕಾಣಬಹುದು. ಆದರೆ ಆ ಬಾಗಿಲಿನಿಂದ ಹೊರಬಿದ್ದವನು ವಾಹನ ಏರುವುದು ಎಲ್ಲರೂ ಓಡಾಡುವ ರಸ್ತೆಯಲ್ಲಿ. ಅವನ ಕೂಗಾಟಕ್ಕೆ ಎಚ್ಚರಗೊಳ್ಳುವುದು ಪಕ್ಕದ ಮನೆಯ ರೋಗಿ ಮತ್ತು ಮಗು. ಅವನ ಕೈಯಿಂದ ಪೆಟ್ಟು ತಿನ್ನುವುದು ಸ್ವಂತ ಮಡದಿ. ಆದ್ದರಿಂದ ಇದು ಕುಡಿಯುವವರ ಮತ್ತು ಮಾರುವವರ ನಡುವಣ ವ್ಯವಹಾರವಷ್ಟೇ ಅಲ್ಲ. ಕುಡಿಯದವರ ಸುರಕ್ಷತೆಯ ಪ್ರಶ್ನೆಯೂ ಹೌದು.

2024-25ರ ಮುಂಗಡಪತ್ರದಲ್ಲಿ ಬೆಂಗಳೂರು ಮತ್ತು ಇತರ 10 ಮಹಾನಗರ ಪಾಲಿಕೆಗಳ ವ್ಯಾಪ್ತಿಯಲ್ಲಿ ವಾಣಿಜ್ಯ ಚಟುವಟಿಕೆಗಳ ಅವಧಿಯನ್ನು ರಾತ್ರಿ 1 ಗಂಟೆಯವರೆಗೆ ವಿಸ್ತರಿಸುವುದಾಗಿ ರಾಜ್ಯ ಸರಕಾರ ಪ್ರಕಟಿಸಿತು. ಅದೇ ವರ್ಷ ಅಂದಿನ ಬಿಬಿಎಂಪಿ ವ್ಯಾಪ್ತಿಯ ಕ್ಲಬ್, ಹೋಟೆಲ್ ಮತ್ತು ಬಾರ್‌ಗಳು ರಾತ್ರಿ 1ರವರೆಗೆ ಮದ್ಯ ಪೂರೈಸಲು ಅನುಮತಿಸುವ ಆದೇಶವೂ ಹೊರಟಿತು. ವ್ಯಾಪಾರ ವೃದ್ಧಿ, ಉದ್ಯೋಗ, ಪ್ರವಾಸೋದ್ಯಮ ಎಂಬ ಮಾತುಗಳು ಕೇಳಿಬಂದವು. 2025-26ರ ಮುಂಗಡಪತ್ರ ಅಬಕಾರಿ ಇಲಾಖೆಗೆ ನೀಡಿದ ಗುರಿ 40,000 ಕೋಟಿ ರೂಪಾಯಿ. ಬೊಕ್ಕಸದ ನಿರೀಕ್ಷೆ ಇಷ್ಟಿರುವಾಗ ಹೆಚ್ಚುವರಿ ಗಂಟೆಗಳ ಆದಾಯವನ್ನು ಎಣಿಸುವವರು ಬಹಳ ಮಂದಿ. ಆ ಗಂಟೆಗಳ ಅಪಾಯವನ್ನು ಎಣಿಸುವವರು ಯಾರು?

ಅಪಾಯ ಊಹೆಯದಲ್ಲ. 2017ರ ಡಿಸೆಂಬರ್ 29ರ ನಡುರಾತ್ರಿ ಮುಂಬೈಯ ಕಮಲಾ ಮಿಲ್ಸ್ ಆವರಣದ ಮಹಡಿ ಮೇಲಣ ಪಬ್‌ಗಳಿಗೆ ಬೆಂಕಿ ಬಿದ್ದು 14 ಮಂದಿ ಸತ್ತರು. ಹೊರದಾರಿ ಕಾಣದೆ ಶೌಚಾಲಯದೊಳಗೆ ಹೊಕ್ಕವರು ಅಲ್ಲೇ ಉಸಿರುಗಟ್ಟಿದರು. ಅದಾಗಿ ಎರಡೇ ವಾರದೊಳಗೆ, 2018ರ ಜನವರಿ 8ರಂದು, ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ರಾತ್ರಿ ಕೆಲಸ ಮುಗಿಸಿ ಒಳಗೇ ಮಲಗಿದ್ದ 5 ಮಂದಿ ನೌಕರರು ಬೆಂಕಿಗೆ ಬಲಿಯಾದರು. 2025ರ ಡಿಸೆಂಬರ್ 6ರ ನಡುರಾತ್ರಿ ಗೋವಾದ ಅರ್ಪೋರಾದ ನೈಟ್ ಕ್ಲಬ್‌ನಲ್ಲಿ ಸತ್ತವರು 25 ಮಂದಿ. ಅವರಲ್ಲಿ ಬಹುಪಾಲು ಅಲ್ಲಿನ ಸಿಬ್ಬಂದಿ.

ಈ ಸಾವುಗಳಲ್ಲಿ ಗಮನಿಸಬೇಕಾದ ಒಂದಂಶವಿದೆ. ಬಾರ್ ತಡರಾತ್ರಿಯವರೆಗೆ ತೆರೆದಿದ್ದರೆ ಲಾಭ ಮಾಲಕನಿಗೆ, ಮೋಜು ಗಿರಾಕಿಗೆ. ಆದರೆ ಎಲ್ಲರೂ ಹೋದ ಬಳಿಕ ಲೋಟ ತೊಳೆದು, ನೆಲ ಒರೆಸಿ, ಊರಿಗೆ ಬಸ್ಸಿಲ್ಲದೆ ಎಳೆದ ಶಟರಿನ ಹಿಂದೆ ಮಲಗುವವರು ಹೊಟ್ಟೆಪಾಡಿಗಾಗಿ ದೂರದಿಂದ ಬಂದ ಬಡ ಯುವಕರು. ಅವಧಿ ವಿಸ್ತರಣೆಯನ್ನು ಉದ್ಯೋಗಸೃಷ್ಟಿಯೆಂದು ಬಣ್ಣಿಸುವವರು ಆ ಉದ್ಯೋಗಿಯ ಜೀವಕ್ಕೆ ಏನು ಭದ್ರತೆ ಇದೆಯೆಂದು ಹೇಳಲು ಬಾಧ್ಯರು.

ಕಾಲಾವಧಿ ಮತ್ತು ಹಿಂಸೆಯ ನಡುವೆ ನೇರ ನಂಟಿದೆಯೆಂದು ಮದ್ಯವನ್ನು ನಿಷೇಧಿಸದ ದೇಶಗಳ ಅನುಭವವೇ ಸಾರುತ್ತಿದೆ. ಆಸ್ಟ್ರೇಲಿಯದ ನ್ಯೂಕ್ಯಾಸಲ್ ನಗರದಲ್ಲಿ ಮುಂಜಾನೆ 5ರವರೆಗೂ ತೆರೆದಿರುತ್ತಿದ್ದ ಪಬ್‌ಗಳ ಅವಧಿಯನ್ನು 2008ರಲ್ಲಿ ಮೊಟಕುಗೊಳಿಸಲಾಯಿತು. ನಿರ್ಬಂಧವಿಲ್ಲದ ನೆರೆಯ ಪ್ರದೇಶಕ್ಕೆ ಹೋಲಿಸಿದರೆ ಅಲ್ಲಿ ರಾತ್ರಿಯ ಹಲ್ಲೆಗಳು ಶೇ. 37ರಷ್ಟು ಇಳಿದವೆಂದು ಸಂಶೋಧಕರು ಕಂಡುಕೊಂಡರು. ನಾರ್ವೆಯ 18 ನಗರಗಳ ಕುರಿತಾಗಿ 2012ರಲ್ಲಿ ಪ್ರಕಟವಾದ ಅಧ್ಯಯನವು, ಅವಧಿಯನ್ನು ಒಂದು ಗಂಟೆ ಹೆಚ್ಚಿಸಿದರೆ ಹಲ್ಲೆ ಪ್ರಕರಣಗಳು ಸುಮಾರು ಶೇ. 16ರಷ್ಟು ಹೆಚ್ಚುತ್ತವೆಂದು ತಿಳಿಸಿತು. ಒಂದೇ ಒಂದು ಗಂಟೆ ತಾನೇ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

2005ರ ನವೆಂಬರ್‌ನಲ್ಲಿ ಅವಧಿ ಸಡಿಲಿಸಿದ ಬ್ರಿಟನ್ ಕೂಡ ಬಾಗಿಲನ್ನು ಹಾಗೆಯೇ ತೆರೆದಿಡಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2003ರ ಪರವಾನಿಗೆ ಕಾಯ್ದೆಯು ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಉಪದ್ರವ ನಿವಾರಣೆ ಮತ್ತು ಮಕ್ಕಳ ರಕ್ಷಣೆ ಎಂಬ ನಾಲ್ಕು ಗುರಿಗಳನ್ನು ನಿಗದಿಪಡಿಸಿದೆ. ಇವನ್ನು ಹೇಗೆ ಪಾಲಿಸುವೆನೆಂದು ಅರ್ಜಿದಾರ ಮೊದಲೇ ಲಿಖಿತ ಯೋಜನೆ ಸಲ್ಲಿಸಬೇಕು. ನಿವಾಸಿಗಳು ಆಕ್ಷೇಪ ಸಲ್ಲಿಸಬಹುದು. ಪರವಾನಿಗೆ ಸಿಕ್ಕ ಬಳಿಕವೂ ಅದರ ಮರುಪರಿಶೀಲನೆಗೆ ಒತ್ತಾಯಿಸಬಹುದು. ನಡುರಾತ್ರಿಯ ಬಳಿಕ ಮಾರುವವರಿಂದ ಸುಂಕ ಪಡೆದು ಅದರ ಬಹುಪಾಲನ್ನು ಪೊಲೀಸ್ ವೆಚ್ಚಕ್ಕೆ ಕೊಡುವ ಅಧಿಕಾರವನ್ನು 2011ರ ಕಾನೂನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ಪಾಶ್ಚಾತ್ಯರ ರಾತ್ರಿಜೀವನವನ್ನು ಆಮದು ಮಾಡಿಕೊಳ್ಳಲು ಉತ್ಸುಕರಾದ ನಮ್ಮವರು ಅಲ್ಲಿನ ಹೊಣೆಗಾರಿಕೆಯನ್ನೇಕೆ ಬಂದರಿನಲ್ಲೇ ಬಿಟ್ಟುಬರುತ್ತಾರೆ?

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ಪ್ರಾರ್ಥನಾಲಯ, ಶಾಲೆ ಮತ್ತು ಆಸ್ಪತ್ರೆಗಳಿಂದ 100 ಮೀಟರ್ ಅಂತರವಿರಬೇಕೆಂದು ರಾಜ್ಯದ 1967ರ ಅಬಕಾರಿ ನಿಯಮಗಳು ಹೇಳುತ್ತವೆ. ಹೆದ್ದಾರಿ ಬದಿಯ ಮದ್ಯ ಮಾರಾಟದ ವಿರುದ್ಧ ಸುಪ್ರೀಮ್ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಕಠಿಣ ತೀರ್ಪಿತ್ತಿತು. ಮರುವರ್ಷವೇ ನಗರ ವ್ಯಾಪ್ತಿಗೆ ವಿನಾಯಿತಿ ದೊರೆಯಿತು. ಕುಡಿದು ವಾಹನ ಓಡಿಸಿದವನಿಗೆ 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೇ 10,000 ರೂಪಾಯಿ ದಂಡವಿದೆ. ಆದರೆ ಬಸ್ಸುಗಳು ನಿಂತ ಹೊತ್ತಿನಲ್ಲಿ ಸಾವಿರಾರು ಮಂದಿಯನ್ನು ಕುಡಿಸಿ ರಸ್ತೆಗಿಳಿಸಿ, ಮುಂದಿನ ತಿರುವಿನಲ್ಲಿ ಊದಿಸಿ ದಂಡ ಹಾಕುವುದು ಸುರಕ್ಷತೆಯಲ್ಲ. ಅದು ಒಂದೇ ಕುಡಿತದಿಂದ ಎರಡು ಬಾರಿ ಆದಾಯ ಪಡೆಯುವ ಉಪಾಯ.

ಇದನ್ನು ಮುಸ್ಲಿಮರ ಧಾರ್ಮಿಕ ಬೇಡಿಕೆಯೆಂದು ತಳ್ಳಿಹಾಕುವವರಿದ್ದಾರೆ. ಅಂತಹವರು ಸಂವಿಧಾನದ 47ನೇ ವಿಧಿಯನ್ನು ಒಮ್ಮೆ ಓದಲಿ. ಪಾನನಿಷೇಧದ ಕಡೆಗೆ ಯತ್ನಿಸುವುದು ಪ್ರಭುತ್ವದ ಕರ್ತವ್ಯವೆಂದು ಅಲ್ಲಿದೆ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದ ಗ್ರಾಮೀಣ ಮಹಿಳೆಯರನ್ನು ಅಲ್ಲಿಗೆ ಕರೆತಂದದ್ದು ಯಾವ ಮತದ ಆದೇಶವೂ ಅಲ್ಲ, ಮನೆಯ ಕಣ್ಣೀರು.

ನಮ್ಮವರಲ್ಲೂ ಒಂದು ಪ್ರಶ್ನೆಯಿದೆ: ಹರಾಮ್ ಆದ ವಸ್ತುವಿನ ಮಾರಾಟಕ್ಕೆ ನಿಯಮ ಕೇಳುವುದೆಂದರೆ ಅದನ್ನು ಒಪ್ಪಿಕೊಂಡಂತಲ್ಲವೇ? ಅಲ್ಲ. ಪವಿತ್ರ ಕುರ್‌ಆನ್ ಮದ್ಯವನ್ನು ಒಮ್ಮೆಗೇ ನಿಷೇಧಿಸಲಿಲ್ಲ. ಮೊದಲು ಅದರ ಲಾಭಕ್ಕಿಂತ ಹಾನಿಯೇ ದೊಡ್ಡದೆಂದು ಮನಗಾಣಿಸಿತು, ಬಳಿಕ ಅಮಲಿನಲ್ಲಿ ನಮಾಝಿನ ಹತ್ತಿರ ಹೋಗದಂತೆ ತಡೆದು ಕುಡಿತದ ಹೊತ್ತನ್ನು ಕುಗ್ಗಿಸಿತು, ಕೊನೆಗೆ ಸಂಪೂರ್ಣವಾಗಿ ನಿಷೇಧಿಸಿತು. ಸಂಪೂರ್ಣ ನಿಷೇಧವೇ ನಮ್ಮ ಗುರಿ. ಆ ಗುರಿ ದೂರವಿದೆಯೆಂಬ ಕಾರಣಕ್ಕೆ ಇಂದು ರಾತ್ರಿ ರಸ್ತೆಯಲ್ಲಿ ಸಾಯಬಹುದಾದವನ ಬಗ್ಗೆ ಮೌನವಾಗಿರುವುದು ಧರ್ಮನಿಷ್ಠೆಯಾಗದು.

ಇತರರತ್ತ ಬೆರಳು ತೋರುವ ಮುನ್ನ ಸಮುದಾಯವು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಹೆಚ್ಚಿನ ಬಾಡಿಗೆಯ ಆಸೆಗೆ ಸ್ವಂತ ಕಟ್ಟಡವನ್ನು ಬಾರ್‌ಗೆ ಕೊಟ್ಟು, ಆ ಹಣದಲ್ಲೇ ಮಸೀದಿಗೆ ದೇಣಿಗೆ ನೀಡುವವರು ನಮ್ಮ ನಡುವೆಯೂ ಇದ್ದಾರೆ. ಕುಡಿತಕ್ಕೆ ಬಿದ್ದ ಯುವಕರಿರುವ ಮನೆಗಳು ಮಾನಕ್ಕಂಜಿ ಬಾಯಿ ಮುಚ್ಚಿಕೊಂಡಿವೆ. ಮಸೀದಿ ಆಡಳಿತ ಸಮಿತಿಗಳು ಇಂತಹ ದೇಣಿಗೆಗೆ ಬೇಡವೆನ್ನುವ ಧೈರ್ಯ ತೋರಬೇಕು. ಜುಮಾ ಖುತ್ಬಾಗಳು ಈ ವಿಷಯವನ್ನು ಎತ್ತಿಕೊಳ್ಳಬೇಕು. ಚಟ ಬಿಡಿಸುವ ಚಿಕಿತ್ಸೆಗೆ ಕುಟುಂಬಗಳಿಗೆ ನೆರವು ಸಿಗಬೇಕು.

ಸರಕಾರಕ್ಕೆ ನಮ್ಮ ಒತ್ತಾಯ ಸ್ಪಷ್ಟ. ಅವಧಿಯ ವಿಸ್ತರಣೆಯನ್ನು ಹಿಂದೆಗೆದುಕೊಳ್ಳಬೇಕು. ಅಲ್ಲಿಯವರೆಗೆ, ತಡರಾತ್ರಿ ತೆರೆದಿಡುವ ಪ್ರತಿ ಬಾರ್‌ನಲ್ಲೂ ಅಡೆತಡೆಯಿಲ್ಲದ ಎರಡು ಹೊರದಾರಿಗಳಿರಬೇಕು. ಜನರ ಸಂಖ್ಯೆಗೆ ಮಿತಿಯಿರಬೇಕು. ನೌಕರರು ಒಳಗೆ ಮಲಗುವ ಪದ್ಧತಿ ನಿಲ್ಲಬೇಕು, ಅವರಿಗೆ ಮನೆ ಸೇರಲು ವಾಹನ ಒದಗಿಸಬೇಕು. ಪರವಾನಿಗೆ ನೀಡುವ ಮುನ್ನ ನಿವಾಸಿಗಳ, ವಿಶೇಷವಾಗಿ ಮಹಿಳೆಯರ, ಅಹವಾಲು ಕೇಳಬೇಕು. ಇಷ್ಟನ್ನೂ ಮಾಡಲಾಗದಿದ್ದರೆ ಬೇರೆ ವಿಧಿಯಿಲ್ಲ. ಆ ಬಾಗಿಲುಗಳನ್ನು ಹೊತ್ತಿಗೆ ಮುಂಚೆಯೇ ಮುಚ್ಚಿಸಬೇಕು.