ಕರುಳಿನೊಳಗೆ ಮೂವತ್ತಮೂರು ವರ್ಷ

"ಸ್ಟೆಮ್ ಸೆಲ್ ಹಾಕಿದ್ರೆ ಎಂಥಾ ಕಾಯಿಲೆಯಾದ್ರೂ ವಾಸಿಯಾಗುತ್ತಂತಲ್ಲ?" ಅಂತ ಕೇಳೋರು ಒಂದು ಕಡೆ. "ಇಲಿ ಕರುಳು ಕುಯ್ದು ನೋಡ್ತಾ ಕೂತಿರ್ತಾರಂತೆ, ಅದರಿಂದ ಯಾರಿಗೇನು ಲಾಭ?" ಅನ್ನೋರು ಇನ್ನೊಂದು ಕಡೆ. ನನಗೆ ಇಬ್ಬರ ಮೇಲೂ ತಕರಾರಿದೆ. ಆದರೆ ಇಬ್ಬರೂ ಹುಟ್ಟೋದು ಒಂದೇ ಕಾರಣಕ್ಕೆ ಅಂತಲೂ ಅನ್ನಿಸುತ್ತೆ. ವಿಜ್ಞಾನದ ಸುದ್ದಿ ನಮ್ಮನ್ನು ತಲುಪೋದು ಕೊನೆಯ ದಿನ ಮಾತ್ರ. ಅದಕ್ಕೆ ಮುಂಚಿನ ವರ್ಷಗಳನ್ನು ಯಾರೂ ಹೇಳೋದಿಲ್ಲ.

ಹೆತ್ತ ಕರುಳು, ಕರುಳಿನ ಕುಡಿ ಅಂತೆಲ್ಲ ಮಾತಾಡೋ ನಾವು ನಿಜವಾದ ಕರುಳಿನ ಕಥೆಯನ್ನೇ ನೋಡೋಣ. ಸಣ್ಣಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೆಚ್ಚುಕಮ್ಮಿ ಪೂರ್ತಿ ಹೊಸದಾಗುತ್ತೆ. ಹೋದ ಭಾನುವಾರದ ಊಟವನ್ನು ಹೀರಿಕೊಂಡ ಜೀವಕೋಶಗಳಲ್ಲಿ ಹೆಚ್ಚಿನವು ಈ ಭಾನುವಾರಕ್ಕೆ ಇರೋದೇ ಇಲ್ಲ! ಒಳಗೋಡೆಯ ತುಂಬ ಬೆರಳಿನಂಥ ವಿಲ್ಲೈಗಳು, ಅವುಗಳ ಬುಡದಲ್ಲಿ ಕ್ರಿಪ್ಟ್ ಅನ್ನೋ ಪುಟ್ಟ ಗುಳಿಗಳು. ಕೋಶ ಹುಟ್ಟೋದು ಗುಳಿಯಲ್ಲಿ. ಹಾಗೇ ಮೇಲಕ್ಕೆ ಸರಿಯುತ್ತಾ ಹೋಗಿ ವಿಲ್ಲೈ ತುದಿಯಿಂದ ಉದುರಿಹೋಗುತ್ತೆ. ಹಾಗಾದರೆ ಇವನ್ನೆಲ್ಲ ಹೆರುವ ತಾಯಿ ಯಾರು?

1974ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಹೇಜಲ್ ಚೆಂಗ್ ಮತ್ತು ಶಾರ್ಲ್ ಲೆಬ್ಲಾಂಡ್ ಇದಕ್ಕೆ ಉತ್ತರ ಕೊಟ್ಟರು. ಅವರ ಉಪಾಯ ನನಗೆ ಭಾಳ ಇಷ್ಟ. ಇಲಿಗಳಿಗೆ ವಿಕಿರಣ ಸೂಸುವ ಥೈಮಿಡಿನ್ ಕೊಟ್ಟರು. ಗುಳಿಯ ತಳದಲ್ಲಿ ಕೆಲವು ಕೋಶಗಳು ಅದನ್ನು ಹೀರಿಕೊಂಡು ಸತ್ತವು. ಆ ಹೆಣದ ಚೂರುಗಳನ್ನು ಪಕ್ಕದಲ್ಲೇ ಇದ್ದ ತೆಳ್ಳಗಿನ ಕೋಶಗಳು ನುಂಗಿದವು. ಹೊಟ್ಟೆಯೊಳಗೆ ಆ ಗುರುತು ಇಟ್ಟುಕೊಂಡ ಈ ಕೋಶಗಳು ಮುಂದೆ ಏನಾಗುತ್ತವೆ ಅಂತ ಇವರು ಬೆನ್ನು ಹತ್ತಿದರು. ಸ್ಲೈಡ್ ಮೇಲೆ ಸ್ಲೈಡ್ ನೋಡಿದ ಮೇಲೆ, ಕರುಳಿನ ನಾಲ್ಕು ಮುಖ್ಯ ಬಗೆಯ ಕೋಶಗಳಲ್ಲೂ ಆ ಗುರುತು ಸಿಕ್ಕಿತು. ಅಂದರೆ ನಾಲ್ಕಕ್ಕೂ ತಾಯಿ ಒಂದೇ, ಅದು ಇರೋದು ಗುಳಿಯ ತಳದಲ್ಲಿ.

ಜಗತ್ತು ಒಪ್ಪಿತಾ? ಎಲ್ಲಿ ಬಂತು! ಮ್ಯಾಂಚೆಸ್ಟರ್‌ನ ಕ್ರಿಸ್ ಪಾಟನ್, ತಳದಿಂದ ಎಣಿಸಿದರೆ ನಾಲ್ಕನೇ ಜಾಗದಲ್ಲಿರೋ ಕೋಶವೇ ತಾಯಿ ಅಂದರು. ಅವರದ್ದೂ ಗಟ್ಟಿ ಕೆಲಸವೇ. ವಾದ ದಶಕಗಳ ಕಾಲ ಎಳೆಯಿತು. 2007ರಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ, ಹಾನ್ಸ್ ಕ್ಲೆವರ್ಸ್ ಅವರ ಲ್ಯಾಬಿನ ನಿಕ್ ಬಾರ್ಕರ್ ಮತ್ತು ಸಂಗಡಿಗರು ತಳದ ಆ ಕೋಶಗಳಲ್ಲಿ ಎಲ್‌ಜಿಆರ್5 ಅನ್ನೋ ಜೀನ್ ಕೆಲಸ ಮಾಡೋದನ್ನು ಗುರುತಿಸಿ, ಅವುಗಳ ಸಂತಾನವೆಲ್ಲ ನೀಲಿ ಬಣ್ಣದಲ್ಲಿ ಕಾಣುವ ಹಾಗೆ ಮಾಡಿದರು. ಗುಳಿಯ ತಳದಿಂದ ವಿಲ್ಲೈ ತುದಿಯ ತನಕ ನೀಲಿ ಪಟ್ಟಿ! ಎರಡು ತಿಂಗಳಾದರೂ ಹಾಗೇ ಇತ್ತು. ಚೆಂಗ್ ತೋರಿಸಿದ ಜಾಗಕ್ಕೆ ಹಣೆಪಟ್ಟಿ ಹಚ್ಚೋಕೆ 33 ವರ್ಷ ಬೇಕಾಯಿತು. (ಇನ್ನೊಂದು ತಮಾಷೆ: ಈ ಕ್ಲೆವರ್ಸ್ ಮೂಲತಃ ಕರುಳಿನವರೇ ಅಲ್ಲ. ರಕ್ತದ ಟಿ-ಕೋಶಗಳ ಹಿಂದೆ ಬಿದ್ದಿದ್ದವರು, ಒಂದು ಜೀನಿನ ಜಾಡು ಹಿಡಿದು ಇಲ್ಲಿಗೆ ಬಂದು ಸೇರಿದರು :-) )

ಆಮೇಲೆ ಎಲ್ಲ ಬೇಗ ಬೇಗ. 2009ರಲ್ಲಿ ಅದೇ ಲ್ಯಾಬಿನಲ್ಲಿ ಜಪಾನಿನ ತೋಶಿರೋ ಸಾತೋ ಒಂದೇ ಒಂದು ಆಕರಕೋಶದಿಂದ ತಟ್ಟೆಯಲ್ಲಿ ಪುಟಾಣಿ ಕರುಳು ಬೆಳೆಸಿದರು. 2013ರಲ್ಲಿ ಉಟ್ರೆಕ್ಟ್‌ನವರೇ ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಕರುಳಿನ ಚೂರಿನಿಂದ ಇಂಥವನ್ನು ಬೆಳೆಸಿ, ಔಷಧಿ ಹಾಕಿದಾಗ ಅವು ಉಬ್ಬುತ್ತವೋ ಇಲ್ಲವೋ ನೋಡಿ ಯಾರಿಗೆ ಯಾವ ಔಷಧಿ ಹಿಡಿಸಬಹುದು ಅಂತ ಪರೀಕ್ಷಿಸುವ ದಾರಿ ತೋರಿಸಿದರು. 2022ರಲ್ಲಿ ಟೋಕಿಯೋದಲ್ಲಿ ಅಲ್ಸರೇಟಿವ್ ಕೊಲೈಟಿಸ್ ರೋಗಿಯೊಬ್ಬರಿಗೆ ಅವರದೇ ಕರುಳಿನಿಂದ ಬೆಳೆಸಿದ್ದನ್ನು ಕಸಿ ಮಾಡಿದರು. ಅದೂ ಪ್ರಯೋಗದ ಹಂತದಲ್ಲಿ, ಮೊದಲ ಸಲ. ಚೆಂಗ್ ಅವರಿಂದ ಅಲ್ಲಿಗೆ 48 ವರ್ಷ.

ಈ ಲೆಕ್ಕ ಗೊತ್ತಿದ್ದರೆ ಏನು ಪ್ರಯೋಜನ ಅಂತ ಹೇಳ್ತೀನಿ. ನಮ್ಮ ನೆಂಟರೊಬ್ಬರ ಮಗನಿಗೆ ಇದೇ ಅಲ್ಸರೇಟಿವ್ ಕೊಲೈಟಿಸ್. ಜಾಹೀರಾತು ನೋಡಿ ಒಂದು ಕಡೆ ವಿಚಾರಿಸಿದ್ದಾರೆ. ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಚುಚ್ಚುತ್ತೀವಿ, ಮೂರೇ ಸಿಟ್ಟಿಂಗ್, ಗ್ಯಾರಂಟಿ ಅಂದರಂತೆ. ಬೆಲೆ ಲಕ್ಷಗಳಲ್ಲಿ. ಅಪ್ಪ ಸೈಟು ಮಾರೋಕೆ ತಯಾರಾಗಿದ್ದರು. ಇದನ್ನು ದುರಾಸೆ ಅನ್ನೋಕಾಗಲ್ಲ, ದಿನಕ್ಕೆ ಹತ್ತು ಸಲ ರಕ್ತ ಹೋಗೋ ಮಗನನ್ನು ನೋಡುವ ತಂದೆ ಏನನ್ನಾದರೂ ಮಾರ್ತಾರೆ. ಆದರೆ ಕರುಳಿನದೇ ಆಕರಕೋಶವನ್ನು ಒಬ್ಬ ರೋಗಿಗೆ ಕಸಿ ಮಾಡೋಕೆ ಅಷ್ಟು ಜನರಿಗೆ ಅರ್ಧ ಶತಮಾನ ಹಿಡಿದಿರುವಾಗ, ಕೊಬ್ಬಿನ ಕೋಶದಿಂದ ಮೂರು ಸಿಟ್ಟಿಂಗಿಗೆ ಗ್ಯಾರಂಟಿ ಕೊಡೋರು ಯಾರು?

ನಮ್ಮ ಐಸಿಎಂಆರ್ 2017ರ ಮಾರ್ಗಸೂಚಿಯಲ್ಲೇ ಹೇಳಿದೆ: ರಕ್ತದ ಕಾಯಿಲೆಗಳಿಗೆ ಮೂಳೆಮಜ್ಜೆಯ ಕಸಿಯಂಥ ಅನುಮೋದಿತ ಚಿಕಿತ್ಸೆ ಬಿಟ್ಟರೆ, ಸ್ಟೆಮ್ ಸೆಲ್ ಬಳಕೆ ನೋಂದಾಯಿತ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ. "ನಿಮ್ಮ ಟ್ರಯಲ್‌ನ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು ಅಂತ ಕೇಳಿ ನೋಡಿ" ಅಂದೆ. ಕೇಳಿದರು. ದಿನಕ್ಕೆರಡು ಸಲ ಫೋನ್ ಮಾಡ್ತಿದ್ದವರು ಆಮೇಲೆ ಮಾಡಲೇ ಇಲ್ಲವಂತೆ. ಹುಡುಗ ಈಗಲೂ ತನ್ನ ಗ್ಯಾಸ್ಟ್ರೋ ಡಾಕ್ಟರ ಮಾತ್ರೆಯಲ್ಲೇ ಇದ್ದಾನೆ, ಕಾಲೇಜಿಗೆ ಹೋಗ್ತಿದ್ದಾನೆ.

ಅಂದಹಾಗೆ, ಪತ್ರಿಕೆಗಳಲ್ಲಿ ಕೆಲವರು 'ಕಾಂಡಕೋಶ' ಅಂತ ಬರೀತಾರೆ. ನನಗೆ 'ಆಕರಕೋಶ'ವೇ ಹಿತ, ಉಳಿದೆಲ್ಲಕ್ಕೂ ಆಕರ ಅದೇ ತಾನೆ? ಕ್ರಿಪ್ಟ್‌ಗೆ ಮಾತ್ರ 'ಗುಳಿ'ಗಿಂತ ಒಳ್ಳೆಯ ಪದ ಹೊಳೀತಿಲ್ಲ. ನಿಮಗೆ ಹೊಳೆದರೆ ತಿಳಿಸಿ.