ಹಂಪ್ ಎಂಬ ಜನಾಭಿಪ್ರಾಯ

ಊರೊಳಗಿನ ರಸ್ತೆಗಳಲ್ಲಿ ವೇಗಮಿತಿಯನ್ನು 30 ಕಿ.ಮೀ.ಗೆ ಇಳಿಸೋಣವೇ ಎಂದರೆ ಬೆಂಗಳೂರಿನ ಲಿಂಗರಾಜಪುರದಲ್ಲಿ ಉತ್ತರ ಸಿದ್ಧವಾಗಿದೆ: ಇಲ್ಲಿ ಗಾಡಿ ಓಡುವುದೇ 20ರಲ್ಲಿ, ಇನ್ನೇನು ಇಳಿಸುತ್ತೀರಿ? ಮಾತಿನಲ್ಲಿ ಹುರುಳಿದೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಿತ್ತು. ಸಂಜೆ ಏಳರ ಹೊತ್ತಿಗೆ ಲಿಂಗರಾಜಪುರ ಮೇಲ್ಸೇತುವೆ ಹತ್ತಿದವರಿಗೆ ಆ ಸರಾಸರಿಯೂ ಭಾಗ್ಯವೇ. ಆದರೆ ಹೀಗೆ ವಾದಿಸುವವರು ತಮ್ಮ ವಾದವನ್ನೇ ಪೂರ್ತಿ ಕೇಳಿಸಿಕೊಂಡಿಲ್ಲ. 20ರಲ್ಲೇ ಹೋಗುವವರಿಗೆ 30ರ ಮಿತಿಯಿಂದ ಕಳೆದುಹೋಗುವುದೇನು? ನಷ್ಟ 30 ಮೀರುವವನಿಗೆ ಮಾತ್ರ. ಅವನು ಮೀರುವುದು ಹೆಣ್ಣೂರು ಮುಖ್ಯರಸ್ತೆಯಲ್ಲಿ ಕಳೆದುಕೊಂಡ ಹತ್ತು ನಿಮಿಷವನ್ನು ಕ್ರಾಸಿನೊಳಗೆ ನುಗ್ಗಿ ವಸೂಲು ಮಾಡುವಾಗ. ಇಲ್ಲವೇ ರಾತ್ರಿ ಹನ್ನೊಂದರ ಮೇಲೆ ಸೇತುವೆ ಖಾಲಿಯಾದಾಗ. ಸರಾಸರಿ 20ನ್ನೂ ಮುಟ್ಟದ ಈ ನಗರದಲ್ಲಿ 2023ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 900ಕ್ಕೂ ಹೆಚ್ಚು. ಅವರನ್ನು ಕೊಂದದ್ದು ಸರಾಸರಿಯಲ್ಲ.

ಕೇಂದ್ರ ಸರ್ಕಾರದ 2018ರ ಏಪ್ರಿಲ್ ಅಧಿಸೂಚನೆ ಪಟ್ಟಣ, ನಗರಗಳ ಆಡಳಿತ ವ್ಯಾಪ್ತಿಯೊಳಗೆ ಕಾರಿಗೆ 70, ಬೈಕಿಗೆ 60, ಆಟೊಗೆ 50 ಕಿ.ಮೀ.ವರೆಗೆ ಅವಕಾಶ ಕೊಟ್ಟಿದೆ. ಇದಕ್ಕಿಂತ ಕಡಿಮೆ ಮಾಡುವುದು ರಾಜ್ಯಗಳಿಗೆ ಬಿಟ್ಟ ವಿಷಯ. 60ರಲ್ಲಿ ಬರುವ ಬೈಕು ಒಂದು ಸೆಕೆಂಡಿಗೆ 55 ಅಡಿ ದಾಟುತ್ತದೆ. 30-40 ಅಡಿಯ ಸೈಟುಗಳ ಸಾಲಿನಲ್ಲಿ ಅದು ಹೆಚ್ಚುಕಡಿಮೆ ಎರಡು ಮನೆಗಳ ಮುಂಭಾಗ. ಗೇಟು ತಳ್ಳಿಕೊಂಡು ಆಚೆ ಬಂದ ಮಗುವನ್ನು ಸವಾರ ಕಂಡು, ಬ್ರೇಕ್ ನೆನಪಾಗುವಷ್ಟರಲ್ಲಿ ಆ ಎರಡು ಮನೆ ಮುಗಿದಿರುತ್ತವೆ. ಇದು ಬೀದಿಯವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರು ವೇಗಮಿತಿ ಕೇಳುವುದಿಲ್ಲ, ಹಂಪ್ ಕೇಳುತ್ತಾರೆ. ಮಿತಿ ಇಳಿಸಬೇಕೆಂದರೆ ನಗುವವರೇ ತಮ್ಮ ಮನೆ ಮುಂದೆ ಹಂಪ್ ಹಾಕಿಸಲು ಎಂಜಿನಿಯರನ್ನು ಹುಡುಕಿಕೊಂಡು ಹೋಗುತ್ತಾರೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಕಾರ್ಪೊರೇಟರುಗಳ ಅವಧಿ ಮುಗಿಯಿತು. ಆದರೂ ಹಂಪ್ ಕೆಲಸ ನಿಲ್ಲಲಿಲ್ಲ. ಸರ್ಕಾರಕ್ಕೆ ಸ್ಥಳೀಯರ ಅಭಿಪ್ರಾಯ ಬೇಕಿದ್ದರೆ ಸಮೀಕ್ಷೆಯ ಖರ್ಚು ಬೇಡ. ಬೀದಿಗೆ ಎಷ್ಟು ಹಂಪ್ ಎಂದು ಎಣಿಸಿದರೆ ಸಾಕು.

ಈ ಅಭಿಪ್ರಾಯಕ್ಕೆ ಅಂಕಿಯೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯಂತೆ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು, ಅದನ್ನು ದಾಟಬೇಕಿದ್ದ ವೇಗ 25 ಕಿ.ಮೀ. ಅಂದರೆ 30 ಬೇಡವೆನ್ನುವ ಬೀದಿ ತನಗೆ ತಾನೇ 25 ವಿಧಿಸಿಕೊಂಡಾಗಿದೆ. ಹಾಗೆಂದು ಹಂಪ್‌ಗಳು ಆ ಅಳತೆಯಲ್ಲಿವೆ ಎಂದುಕೊಳ್ಳಬೇಡಿ. ಹನ್ನೆರಡಡಿ ಅಗಲದ ಜಾಗದಲ್ಲಿ ಒಂದೂವರೆ ಅಡಿಯ ದಿಂಡು. ಬಿಳಿ ಪಟ್ಟಿ ಒಂದು ಮಳೆಗಾಲವೂ ಉಳಿದಿರುವುದಿಲ್ಲ. ನೆತ್ತಿಯ ಮೇಲೆ ಕಾರುಗಳ ಹೊಟ್ಟೆ ಉಜ್ಜಿದ ಗೀರು. ಸಿಲಿಂಡರ್ ಗಾಡಿ ಅದನ್ನು ಹತ್ತಿಳಿಯುವ ಸದ್ದು ಮೂರನೆಯ ಮನೆಗೆ ಕೇಳುತ್ತದೆ. ಇದರ ಪೆಟ್ಟು ಯಾರಿಗೆ? ಸ್ಕೂಟರಿನ ಹಿಂದೆ ಒಂದು ಕಡೆ ಕಾಲು ಹಾಕಿ ಕೂತ ಅಜ್ಜಿಗೆ, ಆಟೊದಲ್ಲಿ ಆಸ್ಪತ್ರೆಗೆ ಹೊರಟ ಬಸುರಿಗೆ, ಆಂಬುಲೆನ್ಸಿನಲ್ಲಿ ಮಲಗಿದವರಿಗೆ. ಬೀದಿದೀಪ ಕೆಟ್ಟ ರಾತ್ರಿ ಅದು ಇದೆಯೆಂದೇ ತಿಳಿಯದ ಹೊಸಬನಿಗೆ. ದಿನವೂ ಅದೇ ದಾರಿಯಲ್ಲಿ ನುಗ್ಗುವ ಹುಡುಗನಿಗೆ ಹಂಪ್ ಪಕ್ಕದಲ್ಲಿ ಚರಂಡಿಯ ಕಡೆ ಬಿಟ್ಟಿರುವ ಒಂದಡಿ ಸಂದು ಗೊತ್ತು. ತಪ್ಪು ಮಾಡದವರಿಗೆ ದಿನಕ್ಕೆರಡು ಬಾರಿ ಶಿಕ್ಷೆ ಕೊಟ್ಟು, ಮಾಡಿದವನಿಗೆ ದಾರಿ ಬಿಡುವ ಕಾನೂನನ್ನು ಶಾಸನಸಭೆ ಪಾಸು ಮಾಡಿದ್ದರೆ ಇದೇ ಬೀದಿ ಧರಣಿ ಕೂರುತ್ತಿತ್ತು.

ವೇಲ್ಸ್ 2023ರ ಸೆಪ್ಟೆಂಬರಿನಲ್ಲಿ ಜನವಸತಿಯ ರಸ್ತೆಗಳ ಮಿತಿಯನ್ನು ಗಂಟೆಗೆ 20 ಮೈಲಿಗೆ, ಅಂದರೆ 32 ಕಿ.ಮೀ.ಗೆ ಇಳಿಸಿದಾಗ ಅದರ ವಿರುದ್ಧ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಗಾಯಾಳುಗಳ ಸಂಖ್ಯೆ ಮಾತ್ರ ಇಳಿಯಿತು. ನಮ್ಮ ಸರ್ಕಾರಕ್ಕೆ ಆ ಸಹಿಗಳ ಭಯವೂ ಬೇಕಿಲ್ಲ. ಇಲ್ಲಿ ಜನ ಸಿಮೆಂಟಿನಲ್ಲೇ ಒಪ್ಪಿಗೆ ಕೊಟ್ಟಿದ್ದಾರೆ. ಆದರೂ ಮಿತಿಯ ವಿಷಯದಲ್ಲಿ ಕೈ ಬಿಗಿ, ದಂಡದ ವಿಷಯದಲ್ಲಿ ಧಾರಾಳ. 2019ರಲ್ಲಿ ಹಲವು ಸಂಚಾರ ದಂಡಗಳನ್ನು ತಗ್ಗಿಸಲಾಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿಗರು ಸಾಲುಗಟ್ಟಿ ನಿಂತು ನೂರು ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದರು. ಸೀರೆ ಅಂಗಡಿಯ ಆಷಾಢ ಸೇಲಿಗೂ ಅಷ್ಟು ಶ್ರದ್ಧೆ ಕಾಣದು. ಕ್ರಾಸ್ ರಸ್ತೆಗಳಿಗೆಲ್ಲ 30ರ ಮಿತಿ ಗೊತ್ತುಮಾಡಿ ಫಲಕ ನೆಡಿ. ಅಳತೆಗೆ ಸರಿಯಾದ ಹಂಪ್ ಬೇಕಿರುವ ಕಡೆ ಉಳಿಸಿ, ಬಣ್ಣ ಬಳಿಯಿರಿ. ಮಿಕ್ಕ ದಿಂಡುಗಳನ್ನು ಕೀಳಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯ ಸರ್ಕಾರಕ್ಕೆ ಈ ಅಧಿಕಾರವನ್ನು 1988ರಲ್ಲೇ ಕೊಟ್ಟಿದೆ.