ಕೇರಿಯ ಮಾನ ಯಾರ ಬೆನ್ನ ಮೇಲೆ?



ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ. ಯಾವ ತಾಲ್ಲೂಕಿನ ಕೇರಿಗೆ ಹೋದರೂ ಹಿರಿಯರ ಮಾತು ಒಂದೇ: "ಗಂಡ ಅಂದಮ್ಯಾಲೆ ಎರಡೇಟು ಹಾಕತಾನ, ಹೊಂದಿಕೊಂಡು ಹೋಗವ್ವಾ." ಕಟ್ಟೆ ಮೇಲೆ ಕುಂತು ರಾಜಿ ಮಾಡಿಸುತ್ತಾರೆ. ಹೊಡೆದವನು ಎಲ್ಲರಿಗೂ ಚಹಾ ಕುಡಿಸುತ್ತಾನೆ. ಹೊಡೆಸಿಕೊಂಡವಳು ಅದೇ ರಾತ್ರಿ ಅದೇ ಮನೆಗೆ ಹೋಗಬೇಕು. ಈಗ ಕೆಲವು ಸಂಗಾತಿಗಳೂ ದನಿಗೂಡಿಸಿದ್ದಾರೆ: "ಕೇರಿ ಜಗಳ ಕೋರ್ಟಿಗೆ ಒಯ್ದರ ಊರಾನವರು ನಗತಾರ."

ಕೇರಿಯ ಹೆಣ್ಣುಮಕ್ಕಳಾದ ನಾವು ಕೇಳುತ್ತೇವೆ: ಊರಿನವರು ನಗಬಾರದು ಅಂತ ನಮ್ಮ ಬೆನ್ನು ಎಷ್ಟು ದಿನ ಬಾಸುಂಡೆ ಹೊರಬೇಕು?

2010ರ ಜುಲೈಯಲ್ಲಿ ಸವಣೂರಿನ ಭಂಗಿ ಬಂಧುಗಳು, ತಮ್ಮನ್ನು ಮನೆ ಬಿಡಿಸುವುದರ ವಿರುದ್ಧ ಮೈಮೇಲೆ ಮಲ ಸುರಿದುಕೊಂಡರು. ನಾಡು ಬೆಚ್ಚಿತು. ನೆಲೆ ಕಿತ್ತುಕೊಳ್ಳುವುದು ಅನ್ಯಾಯ ಅಂತ ಎಲ್ಲರೂ ಭಾಷಣ ಮಾಡಿದರು. ಹಾಗಾದರೆ ನಡುರಾತ್ರಿ ಹೆಂಡತಿಯನ್ನು ಕೂಸಿನ ಸಮೇತ ಹೊರಗೆ ದಬ್ಬಿದರೆ ಅದು ಮಾತ್ರ 'ಮನೆ ಮಾತು' ಹೇಗಾಯಿತು?

1989ರ ದೌರ್ಜನ್ಯ ತಡೆ ಕಾಯ್ದೆ ನಮಗೆ ಆಯುಧ, ಸರಿ. ಆದರೆ ಪರಿಶಿಷ್ಟರಲ್ಲದವನು ಹೊಡೆದರೆ ಮಾತ್ರ ಅದು ನಡೆಯುತ್ತದೆ. ನಮ್ಮವನೇ ಹೊಡೆದರೆ? ಅದಕ್ಕೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ ಇದೆ. 2005ರದ್ದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ.

"ಬಡಿಯೋದು ನಿಲ್ಲಲಿ, ಆದರ ಅಂವ ಜೈಲಿಗೆ ಹೋಗೋದು ಬ್ಯಾಡ" ಅನ್ನುವ ತಾಯಂದಿರೇ ನಮ್ಮಲ್ಲಿ ಬಹಳ. ಅವರಿಗಾಗಿಯೇ ಈ ಕಾಯ್ದೆ. ಹೊಡೆಯಬೇಡ, ಬೆದರಿಸಬೇಡ, ಅವಳು ದುಡಿಯುವ ಕಡೆ ಹೋಗಬೇಡ ಎಂದು ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಬರೆದುಕೊಡುತ್ತಾರೆ. ಮೀರಿದರೆ ಆಗ ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೈಲಿಗೆ ಹೋಗುವುದು ಬಿಡುವುದು ಅವನ ಕೈಯಲ್ಲೇ ಇದೆ.

ಹಿರೇಕೆರೂರಿಗೆ ಕೊಟ್ಟ ಮಗಳು ಹಾನಗಲ್ಲ ತಾಲ್ಲೂಕಿನ ತವರಿಗೆ ಬಂದು ಕುಂತಿದ್ದರೆ ಹಾನಗಲ್ಲ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಅವಳೇ ಹಾಕಬೇಕೆಂದಿಲ್ಲ, ಅವಳ ಪರವಾಗಿ ಯಾರಾದರೂ ಹಾಕಬಹುದು. ಮನೆ ಅತ್ತೆಯ ಹೆಸರಿನಲ್ಲಿದೆ, ನಿನಗೇನು ಹಕ್ಕು ಅಂತಾರಲ್ಲ, ಗಂಡನೊಂದಿಗೆ ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಸೊಸೆ ಅಲ್ಲಿ ಇರುವ ಹಕ್ಕು ಕೇಳಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ವಕೀಲರ ಫೀಗೆ ಅಂಜಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಹೆಣ್ಣುಮಕ್ಕಳಿಗೆ ವಕೀಲರು ಪುಕ್ಕಟೆ.

ಮೂರು ದಿನದೊಳಗೆ ಮೊದಲ ತಾರೀಖು, ಅಲ್ಲಿಂದ 60 ದಿನದಲ್ಲಿ ಇತ್ಯರ್ಥ ಅನ್ನುತ್ತದೆ ಕಾನೂನು. ಕೋರ್ಟಿನ ಮೆಟ್ಟಿಲು ಸವೆಸಿದವರಿಗೆ ಗೊತ್ತು ತಾರೀಖು ಹೇಗೆ ಬೀಳುತ್ತವೆ ಅಂತ! ಅದಕ್ಕೇ ಅರ್ಜಿಯ ಜೊತೆಗೇ ಮಧ್ಯಂತರ ಆದೇಶ ಕೇಳಬೇಕು. ಅಪಾಯ ಕಂಡರೆ ಗಂಡ ಬರುವ ಮೊದಲೇ ಮ್ಯಾಜಿಸ್ಟ್ರೇಟರು ಅದನ್ನು ಕೊಡಬಹುದು.

ಅರ್ಜಿ ಬರೆಸಲು ನೆರವಾಗಬೇಕಾದವರು ಸಂರಕ್ಷಣಾಧಿಕಾರಿ. ನಮ್ಮಲ್ಲಿ ಅಂಗನವಾಡಿ ಮೊಟ್ಟೆ ಲೆಕ್ಕ ಹಾಕುವ ಸಿಡಿಪಿಒ ತಲೆಗೇ ಇದನ್ನೂ ಕಟ್ಟಿದ್ದಾರೆ. ತಾಲ್ಲೂಕುವರೆಗೂ ಇಂಥ ಅಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು 2025ರ ಮೇ ತಿಂಗಳಲ್ಲೂ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಬೇಕಾಯಿತು. ಹತ್ತೊಂಬತ್ತು ವರ್ಷ ಸರ್ಕಾರ ಏನು ಮಾಡುತ್ತಿತ್ತು? ಠಾಣೆಗೆ ಹೋದರೆ "ನಿಮ್ಮ ಹಿರಿಯರನ್ನ ಕರಕೊಂಡು ಬರ್ರಿ" ಅಂತಾರೆ. ಹಿರಿಯರನ್ನಲ್ಲ ಸಾಹೇಬರೇ, ಈ ಕಾಯ್ದೆಯಲ್ಲಿ ಅವಳಿಗಿರುವ ಹಕ್ಕನ್ನು ಅವಳಿಗೆ ತಿಳಿಸುವುದು ನಿಮ್ಮ ಕರ್ತವ್ಯ.

ಹೆಂಡತಿ ಗಂಡನಿಗೆ ಸರಿಸಮಳಾದ ಗೆಳತಿಯಾಗಬೇಕು, ಗುಲಾಮಳಲ್ಲ ಎಂದು ಬಾಬಾಸಾಹೇಬರು 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಹೇಳಿದರು. ಅವರ ಫೋಟೋ ಗೋಡೆಗೆ ಹಾಕಿ ಅದರ ಕೆಳಗೇ ಹೆಂಡತಿಗೆ ಒದೆಯುವವನು ವೇದಿಕೆ ಏರಿ ಜೈಭೀಮ್ ಅನ್ನುವುದನ್ನು ನಾವು ಇನ್ನು ಕೇಳಿಸಿಕೊಳ್ಳುವುದಿಲ್ಲ. ಅಂಥವನನ್ನು ಪದಾಧಿಕಾರಿ ಸ್ಥಾನದಿಂದ ಇಳಿಸಿ.

ಬಸ್ಸು 2023ರಿಂದ ಹೆಣ್ಣುಮಕ್ಕಳಿಗೆ ಪುಕ್ಕಟೆ. ತಾರೀಖಿನ ದಿನ ಹೋಗುವುದು ಕೂಲಿ. ಆ ಕೂಲಿಯನ್ನು ಸಂಘದ ಡಬ್ಬಿಯಿಂದ ಕೊಡಿ. ಜೊತೆಗೆ ಇಬ್ಬರು ಹೆಣ್ಣುಮಕ್ಕಳು ಕೋರ್ಟಿಗೆ ಹೋಗಲಿ. ಮುಂದಿನ ಸಭೆಯಲ್ಲಿ ಇದೇ ಮೊದಲ ವಿಷಯ ಆಗಬೇಕೆಂದು ನಾವು ಬರೆದುಕೊಟ್ಟಿದ್ದೇವೆ.